ಮುಚ್ಚಿದ ತುಟಿಗೆ ಮುಚ್ಚಿದ ಅಕ್ಷರ

ಐದನೆಯ ಸೀಸನ್ನಿನಲ್ಲಿ ಥೋರ್ಗುನ್ ಸಾಯುತ್ತಾಳೆ ಎಂಬ ಸುದ್ದಿಯನ್ನು ನನ್ನ ಹೆಂಡತಿ ಎತೆಲ್ಕಾಗೆ ತಿಳಿಸಿದವನು ನಾನೇ. ಮಾರ್ಚ್ ತಿಂಗಳ ಬೆಳಿಗ್ಗೆ. ಅಡುಗೆಮನೆಯ ಮೇಜಿನ ಬಳಿ ಕುಳಿತು ಅವಳು ಹಳೆಯ ಕೋಟಿನ ಗುಂಡಿಯೊಂದಕ್ಕೆ ದಾರ ಪೋಣಿಸಿ, ಗುಂಡಿಯನ್ನು ತುಟಿಗಳ ಹಿಂದೆ ಇಟ್ಟುಕೊಂಡು, ದಾರವನ್ನು ಹೊರಕ್ಕೆ ಎಳೆಯುವ ವ್ಯಾಯಾಮ ಮಾಡುತ್ತಿದ್ದಳು. ತುಟಿಗೆ ಬಲವಿದ್ದರೆ ಗುಂಡಿ ಒಳಗೇ ನಿಲ್ಲಬೇಕು. ಅದು ನಿಲ್ಲದೆ ಬಲಗಡೆಯಿಂದ ಜಾರಿ ಮೇಜಿನ ಮೇಲೆ ಬಿತ್ತು.

"ಹೇಗೆ ಸಾಯ್ತಾಳೆ?" ಎಂದಳು ಎತೆಲ್ಕಾ, ಗುಂಡಿಯನ್ನು ಒರೆಸುತ್ತಾ.

"ಕುರಿದೊಡ್ಡೀಲಿ. ಗಾಯ ಆಗಿ. ಮಗ ಪಕ್ಕದಲ್ಲೇ ಇರ್ತಾನೆ."

"ಎಷ್ಟು ಹೊತ್ತು?"

"ನಲವತ್ತೆರಡು ಸೆಕೆಂಡು ಮಾತು. ಆಮೇಲೆ ಸಾವು."

"ನಲವತ್ತೆರಡು." ಅವಳ ಮುಖದ ಎಡಭಾಗ ನಕ್ಕಿತು. "ಉದಾರಿಗಳು. ಹೋದ ಸಲ ರಾಜನಿಗೇ ಇಷ್ಟು ಕೊಟ್ಟಿರಲಿಲ್ಲ." ಗುಂಡಿಯನ್ನು ಮತ್ತೆ ಬಾಯಿಗೆ ಇಟ್ಟುಕೊಳ್ಳುವ ಮೊದಲು ಹೇಳಿದಳು: "ಅವಳು ಸಾಯೋದು ನನ್ನ ಗಂಟಲಲ್ಲೇ. ಕೋಲೋಶ್‌ಗೆ ಹೇಳು."

ಸಾವಿರ ವರ್ಷ ಹಿಂದಿನ ಇಂಗ್ಲೆಂಡಿನಲ್ಲಿ ಸ್ಯಾಕ್ಸನ್ನರೂ ಡೇನರೂ ಒಂದೇ ಕೆಸರಿನಲ್ಲಿ ಒಬ್ಬರನ್ನೊಬ್ಬರು ಕಡಿಯುವ ಆ ಧಾರಾವಾಹಿಯನ್ನು ಚಿತ್ರಿಸುವುದು ನಮ್ಮ ಬುಡಾಪೆಸ್ಟಿನ ಹೊರವಲಯದ ಬಯಲಿನಲ್ಲೇ. ನಮ್ಮ ಎದುರು ಮನೆಯ ಬಸ್ ಚಾಲಕ ನಾಲ್ಕು ಸೀಸನ್ನುಗಳಲ್ಲಿ ಐದು ಸಲ ಸತ್ತಿದ್ದಾನೆ, ಮೂರು ಸಲ ಸ್ಯಾಕ್ಸನ್ನನಾಗಿ, ಎರಡು ಸಲ ಡೇನನಾಗಿ. ಡೇನರ ಸಾವೇ ಮೇಲು, ಅವರಿಗೆ ತುಪ್ಪಳದ ಅಂಗಿ ಸಿಗುತ್ತದೆ ಎಂಬುದು ಅವನ ಅಭಿಪ್ರಾಯ. ಹಾಗೆ ನಮ್ಮ ಕೆಸರಿನಲ್ಲಿ, ನಮ್ಮ ಜನರನ್ನು ಕೊಂದು ತೆಗೆದ ಚಿತ್ರ ಇಂಗ್ಲಿಷ್ ಮಾತಾಡುತ್ತಾ ಹೊರದೇಶಕ್ಕೆ ಹೋಗಿ, ನಮ್ಮ ಮಾತು ತುಂಬಿಸಿಕೊಳ್ಳಲು ನಮ್ಮಲ್ಲಿಗೇ ಹಿಂದಿರುಗುತ್ತದೆ. ಪ್ರತಿ ಮುಖಕ್ಕೂ ಇಲ್ಲಿ ಒಂದು ಧ್ವನಿ ನಿಗದಿಯಾಗಿರುತ್ತದೆ. ಒಮ್ಮೆ ನಿಗದಿಯಾದರೆ ಅದು ಬದಲಾಗುವುದಿಲ್ಲ. ಥೋರ್ಗುನ್ ಎಂಬ ಡೇನ್ ಮುದುಕಿ, ಕ್ರೈಸ್ತನಾಗಿ ಸ್ಯಾಕ್ಸನ್ನರ ಕಡೆ ಸೇರಿದ ಐವಿಂದ್‌ನ ತಾಯಿ, ನಾಲ್ಕು ಸೀಸನ್ನುಗಳಿಂದ ಎತೆಲ್ಕಾಳ ಧ್ವನಿಯಲ್ಲಿ ಗದರಿದ್ದಳು, ಶಪಿಸಿದ್ದಳು, ಒಂದೇ ಒಂದು ಸಲ ಹಾಡಿದ್ದಳು.

ಆ ಧ್ವನಿಗೆ ಮಾತು ಬರೆಯುವವನು ನಾನು. ಮೂವತ್ತೆಂಟು ವರ್ಷಗಳಿಂದ ನಾನು ಮಾಡುತ್ತಾ ಬಂದದ್ದು ಇದೊಂದೇ: ತೆರೆಯ ಮೇಲಿನ ಬಾಯಿಯನ್ನು ನೋಡುವುದು, ಅದು ತೆರೆದಲ್ಲಿ ತೆರೆದ ಅಕ್ಷರವನ್ನೂ ಮುಚ್ಚಿದಲ್ಲಿ ಮುಚ್ಚಿದ ಅಕ್ಷರವನ್ನೂ ಇಡುವುದು. ಪ, ಬ, ಮ ಈ ಮೂರು ತುಟಿ ಕೂಡದೆ ಹುಟ್ಟುವುದಿಲ್ಲ. ತೆರೆಯ ಮೇಲೆ ತುಟಿ ಕೂಡಿದಾಗ ಕಿವಿಗೆ ಈ ಮೂರರಲ್ಲಿ ಒಂದು ಬೀಳಲೇಬೇಕು. ಈ ನಿಯಮ ನೋಡುಗರಿಗೆ ತಿಳಿಯದು. ಆದರೆ ಅದು ಮುರಿದಾಗ ಕಣ್ಣಿಗೂ ಕಿವಿಗೂ ನಡುವೆ ಎಲ್ಲೋ ಒಂದು ಮುಳ್ಳು ಆಡಿದಂತಾಗಿ, ಯಾಕೆಂದು ತಿಳಿಯದೆಯೇ ಅವರು ಆ ಮನುಷ್ಯನನ್ನು ನಂಬುವುದನ್ನು ನಿಲ್ಲಿಸುತ್ತಾರೆ. ಕಿರಿಯರು ಬರೆದು ತಂದ ಹಾಳೆಗಳ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ "ಇದು ಬಾಯಲ್ಲ, ಗುಹೆ" ಎಂದು ಬರೆದು ಹಿಂದಿರುಗಿಸಿದ್ದುಂಟು. ನನ್ನ ಎರಡು ಕವನ ಸಂಕಲನಗಳನ್ನು ಓದಿದವರು ಬೆರಳೆಣಿಕೆಯಷ್ಟು; ಈ ಕೆಂಪು ಶಾಯಿಯ ಸಾಲನ್ನು ಮಾತ್ರ ನಮ್ಮ ಕಸುಬಿನಲ್ಲಿ ಎಲ್ಲರೂ ಬಲ್ಲರು.

ಹಿಂದಿನ ಸೆಪ್ಟೆಂಬರಿನಲ್ಲಿ, ಜಾಮ್ ಕಾಯಿಸಲೆಂದು ಪ್ಲಮ್ ಹಣ್ಣುಗಳ ಬೀಜ ತೆಗೆಯುತ್ತಾ ಕುಳಿತಿದ್ದ ಎತೆಲ್ಕಾಳ ಕೈಯಿಂದ ಚಾಕು ಜಾರಿತು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮೂರು ವಾರಕ್ಕೆ ಮನೆಗೆ ಬಂದಳು. ಕಾಲು ಹಿಂದಿರುಗಿತು, ಕೈ ಹಿಂದಿರುಗಿತು, ನೆನಪಂತೂ ಹೋಗಿಯೇ ಇರಲಿಲ್ಲ. ತುಟಿಯ ಬಲಗಡೆಯ ಅರ್ಧ ಮಾತ್ರ ಹಿಂದಿರುಗಲಿಲ್ಲ. ಆ ಅರ್ಧದೊಂದಿಗೆ ಮೂರು ಅಕ್ಷರಗಳು ಹೋದವು.

ಅವಳು ಅವುಗಳನ್ನು ಸುತ್ತಿ ಬಳಸಿ ನಡೆಯಲು ಕಲಿತಳು. ಬ್ರೆಡ್ ಎನ್ನದೆ "ಅದನ್ನ ಕೊಯ್ದು ಕೊಡು" ಎನ್ನುತ್ತಿದ್ದಳು. ಬೇಡ ಎನ್ನದೆ "ಒಲ್ಲೆ" ಎನ್ನುತ್ತಿದ್ದಳು. ನನ್ನ ಹೆಸರು ಆಂಬ್ರುಷ್. ನಡುವಿನಲ್ಲೇ ತುಟಿ ಬಿಗಿಯಾಗಿ ಕೂಡಬೇಕಾದ ಹೆಸರು. ಹಾಗಾಗಿ ನಾನು "ಅಜ್ಜ" ಆದೆ. ಮಕ್ಕಳೇ ಇಲ್ಲದ ಮನೆಯಲ್ಲಿ ಆ ಪದ ಮೊದಲ ದಿನ ಇಬ್ಬರಿಗೂ ನಗು ತಂದಿತು, ಎರಡನೆಯ ದಿನ ತರಲಿಲ್ಲ, ಆಮೇಲೆ ರೂಢಿಯಾಯಿತು. ಅವಳ ಮಾತು ಎಷ್ಟು ನಯವಾಗಿ ಹರಿಯುತ್ತಿತ್ತೆಂದರೆ, ಹೇಗಿದ್ದಾಳೆಂದು ಕೇಳಿದವರಿಗೆಲ್ಲ "ಸುಧಾರಿಸಿದ್ದಾಳೆ" ಎಂದು ಹೇಳುತ್ತಾ ನಾನೂ ಅದನ್ನು ಅರ್ಧ ನಂಬಿಬಿಟ್ಟಿದ್ದೆ.

ಡಬ್ಬಿಂಗ್ ನಿರ್ದೇಶಕ ಕೋಲೋಶ್ ಮರುವಾರ ಮನೆಗೆ ಬಂದ. ಐವತ್ತು ದಾಟಿದವನು; ನಮಗೆ ಇನ್ನೂ ಹುಡುಗ. ಸ್ಟುಡಿಯೋದ ಕಿರಿಯರೆಲ್ಲರಂತೆ ಅವನೂ ನಮ್ಮನ್ನು ಅತ್ತೆ, ಮಾವ ಎನ್ನುತ್ತಿದ್ದ.

"ಕೈಗೆ ಮುತ್ತು, ಅತ್ತೆ," ಎಂದು ಬಾಗಿದ. "ಮೊದಲಿಗಿಂತ ಚೆಲುವೆ ಆಗಿದೀರಿ."

"ನಿನ್ನ ಕನ್ನಡಕ ಒರೆಸಿಕೋ, ಹುಡುಗಾ."

ಅವನು ನಿಜವಾಗಿಯೂ ಕನ್ನಡಕ ತೆಗೆದು ಒರೆಸಿದ. ಕಾಫಿ ಕುಡಿದೆವು. ಅವನು ಹವಾಮಾನದ ಬಗ್ಗೆ, ತನ್ನ ಮಗಳ ಮದುವೆಯ ಬಗ್ಗೆ, ಹೊಸ ಮೈಕುಗಳ ಬಗ್ಗೆ ಮಾತಾಡಿದ. ಎತೆಲ್ಕಾ ಕೊನೆಯವರೆಗೂ ತಾಳಿದಳು.

"ಥೋರ್ಗುನ್ ನನ್ನವಳು," ಎಂದಳು.

"ನಿಮ್ಮವಳೇ, ಅತ್ತೆ. ಇಲ್ಲ ಅಂದೋರ್ಯಾರು?"

"ಯಾರೂ ಇಲ್ಲ ಅನ್ನಲಿಲ್ಲ. ಅದಕ್ಕೇ ಹೆದರಿಕೆ."

ಅವನನ್ನು ಬೀಳ್ಕೊಡಲು ನಾನೂ ಮೆಟ್ಟಿಲಿಳಿದೆ. ಒಂದು ಮಹಡಿ ಇಳಿದ ಮೇಲೆ ಅವನು ನಿಂತ.

"ಮಾವ, ನಿಜ ಹೇಳಿ. ಆಗುತ್ತಾ?"

"ಆಗುತ್ತೆ."

"ಆಗಲ್ಲ ಅಂದ್ರೂ ಪರವಾಗಿಲ್ಲ. ಬೋರೋಕಾ ಇದ್ದಾಳೆ, ಅತ್ತೆ ಹತ್ರಾನೇ ಕಲಿತೋಳು. ಅತ್ತೆಗೆ ನಾನೇ ಹೇಳ್ತೀನಿ. ಬೈಸಿಕೊಳ್ಳೋದು ನನಗೇನು ಹೊಸದಲ್ಲ."

"ಆಗುತ್ತೆ ಅಂದೆನಲ್ಲ. ಮೇ ತಿಂಗಳಲ್ಲಿ ಒಂದು ದಿನ ಇಡು."

"ಬಾಯಿಗೆ ಕೂರುತ್ತಾ?"

"ಬರೆಯೋನು ನಾನು," ಎಂದೆ. ಅವನು ಮುಂದೆ ಕೇಳಲಿಲ್ಲ. ನನ್ನ ಕೆಂಪು ಶಾಯಿ ಅವನನ್ನೂ ಒಮ್ಮೆ ಕುಟುಕಿತ್ತು.

ಬರೆಯಲು ಕುಳಿತೆ. ಮೊದಲು ರೂಢಿಯಂತೆ ಎಲ್ಲವನ್ನೂ ಸರಿಯಾಗಿ ಬರೆದೆ. ಸರಿಯಾದದ್ದನ್ನು ಬರೆಯದೆ ನನಗೆ ಬೇರೇನೂ ಬರೆಯಲು ಬಾರದು. ಆಮೇಲೆ ಆ ಹಾಳೆಗಳನ್ನು ಬದಿಗಿಟ್ಟು, ಆ ಮೂರು ಅಕ್ಷರಗಳಿಲ್ಲದ ಇನ್ನೊಂದು ಥೋರ್ಗುನ್‌ಳನ್ನು ಬರೆಯತೊಡಗಿದೆ. ಒಂಬತ್ತು ಕಂತುಗಳವರೆಗೆ ಅದೃಷ್ಟ ನನ್ನ ಕಡೆಗಿತ್ತು. ಮುದುಕಿಗೆ ಮಾತು ಕಡಿಮೆ, ತಲೆಯ ಮೇಲೆ ಮುಸುಕು, ಒಲೆಯ ಹೊಗೆ, ಬೆನ್ನು ತಿರುಗಿಸಿ ಬೈಯುವ ಅಭ್ಯಾಸ. ಮುಖ ಕಾಣದಲ್ಲಿ ಯಾವ ಅಕ್ಷರವಾದರೂ ನಡೆಯುತ್ತದೆ. ಕಂಡಲ್ಲಿ ಒಂದೆರಡು ಪದ ಹಿಂದೆ ಮುಂದೆ ಸರಿಸಿ, ತುಟಿ ಕೂಡುವ ಗಳಿಗೆಗೆ ಒಂದು ಮೌನ ಇಟ್ಟು ದಾಟಿದೆ. ಅದು ಪ್ರಾಮಾಣಿಕ ಕೆಲಸವೇ.

ಹತ್ತನೆಯ ಕಂತಿನಲ್ಲಿ ಕುರಿದೊಡ್ಡಿ ಬಂತು. ಅಲ್ಲಿ ಮುಸುಕಿಲ್ಲ, ಹೊಗೆಯಿಲ್ಲ. ನಲವತ್ತೆರಡು ಸೆಕೆಂಡೂ ಕ್ಯಾಮೆರಾ ಆ ಮುದುಕಿಯ ಬಾಯಿಯ ಎದುರು ನಾಯಿಯಂತೆ ಕುಳಿತಿತ್ತು. ಒಡೆದ ತುಟಿಗಳು ಹದಿನೇಳು ಸಲ ಕೂಡಿ ಬಿಡುತ್ತಿದ್ದವು. ಸರಿಯಾದ ಹಾಳೆಯಲ್ಲಿ ನಾನು ಬರೆದದ್ದು ಹೀಗೆ ಶುರುವಾಗುತ್ತಿತ್ತು: "ಮಗನೇ, ಅವರ ಶಿಲುಬೆಯ ಬುಡದಲ್ಲಿ ನನ್ನನ್ನು ಮಣ್ಣು ಮಾಡಬೇಡ. ಬೆಂಕಿಗೆ ಕೊಡು." ಎರಡನೆಯ ಹಾಳೆಯಲ್ಲಿ ಬರೆದೆ: "ಕೂಸೇ, ಇವರ ಕಲ್ಲಿನ ಕೆಳಗೆ ನನ್ನನ್ನು ಇಡದಿರು. ಸುಟ್ಟುಹಾಕು. ಗಾಳಿಗೆ ಕೊಡು. ಅಲೆಗಳಿಗೆ ನನ್ನ ಹೆಸರು ಗೊತ್ತು."

ನಲವತ್ತು ವರ್ಷದ ಯೋಧನನ್ನು ಸಾಯುವ ತಾಯಿ ಕೂಸೇ ಎಂದು ಕರೆಯುತ್ತಾಳೆ. ಆ ಪದ ಸಿಕ್ಕ ಗಳಿಗೆ ನನಗೆ ಮೈ ಬಿಸಿಯಾಯಿತು. ನಾನು ಈವರೆಗೆ ಬರೆದ ಕವಿತೆಗಳಲ್ಲೆಲ್ಲ ಇದೇ ಮೇಲಾದದ್ದು ಎಂದುಕೊಂಡೆ. ಕಳ್ಳನಿಗೆ ತನ್ನ ಕೈಚಳಕದ ಮೇಲೆ ಇರುವ ಹೆಮ್ಮೆ ಅದು. ತೆರೆಯ ಮೇಲೆ ಹದಿನೇಳು ಸಲ ಬಾಯಿ ಮುಚ್ಚುತ್ತದೆ, ನನ್ನ ಕವಿತೆ ಒಂದು ಸಲವೂ ಮುಚ್ಚುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎರಡೂ ಹಾಳೆಗಳನ್ನು ಲಕೋಟೆಗೆ ಸೇರಿಸಿ ಕೋಲೋಶ್‌ಗೆ ಕಳಿಸಿದೆ. ಸರಿಯಾದ ಹಾಳೆಯ ಮೇಲೆ "ಯಾವುದಕ್ಕೂ ಇರಲಿ" ಎಂದು ಪೆನ್ಸಿಲಿನಲ್ಲಿ ಬರೆದೆ.

ನಮ್ಮಲ್ಲಿ ಧ್ವನಿ ಕೊಡುವವರು ಚಿತ್ರವನ್ನು ಮೊದಲೇ ನೋಡುವುದಿಲ್ಲ. ಮೈಕಿನ ಮುಂದೆ ನಿಂತಾಗಲೇ ಆ ಮುಖದ ಭೇಟಿ. ಎತೆಲ್ಕಾಗೆ ಮನೆಯಲ್ಲಿ ಸಿಕ್ಕಿದ್ದು ಹಾಳೆಗಳು ಮಾತ್ರ. ಮೊದಲ ಪುಟ ಓದಿ ಅವಳು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದಳು. ಒಂದೇ ಓದಿಗೆ ಅವಳಿಗೆ ತಿಳಿದುಹೋಗಿತ್ತು. ತಿಳಿಯದಿರಲು ಅವಳು ನಿನ್ನೆ ಮೊನ್ನೆ ಕಸುಬಿಗೆ ಬಂದವಳಲ್ಲ.

"ಕೆಲಸಗಾರ," ಎಂದಳು. ನನ್ನನ್ನು ಅವಳು ಹೊಗಳಿದ್ದು ಜೀವನದಲ್ಲಿ ನಾಲ್ಕೋ ಐದೋ ಸಲ. "ಎಲ್ಲಾ ಕಡೆ ಅವಳು ಆಚೆ ತಿರುಗಿದ್ದಾಳಾ?"

"ಹೆಚ್ಚಿನ ಕಡೆ."

"ಸಾಯೋವಾಗಲೂ?"

ಆಗ ನಾನು ನಿಜ ಹೇಳಬಹುದಾಗಿತ್ತು. ಅಡುಗೆಮನೆಯ ಕಿಟಕಿ ತೆರೆದಿತ್ತು, ಪರದೆ ಸ್ವಲ್ಪ ಅಲುಗುತ್ತಿತ್ತು. ಬಹುಶಃ ಅದರಿಂದಲೇ ನನಗೆ ಆ ಉಪಾಯ ಹೊಳೆದಿರಬೇಕು.

"ಗಾಳಿ ಜೋರಾಗಿರುತ್ತೆ," ಎಂದೆ. "ಬಿಚ್ಚುಗೂದಲು. ಪೂರ್ತಿ ಮುಖದ ಮೇಲೆ ಬಿದ್ದಿರುತ್ತೆ. ಬಾಯಿ ಕಾಣೋದೇ ಇಲ್ಲ."

"ಒಳ್ಳೇ ಗಾಳಿ," ಎಂದಳು ಎತೆಲ್ಕಾ. ತುಸು ಹೊತ್ತಿನ ಮೇಲೆ ಮತ್ತೆ, ತನಗೇ ಹೇಳಿಕೊಳ್ಳುವಂತೆ: "ಎಂಥ ಒಳ್ಳೇ ಗಾಳಿ."

ಆರು ವಾರ ನಮ್ಮ ಮನೆಯಲ್ಲಿ ಹಬ್ಬವಿದ್ದಂತೆ ಇತ್ತು. ಅವಳು ಸೆಪ್ಟೆಂಬರಿನ ನಂತರ ಮೊದಲ ಸಲ ಹಿಟ್ಟು ನಾದಿ ಉಪ್ಪು ಬನ್ನು ಸುಟ್ಟಳು. ಸೂಪು ಕುದಿಯುತ್ತಿರುವಾಗ ಸೌಟು ಹಿಡಿದು ನನ್ನನ್ನು ಶಪಿಸಿದಳು, ನನ್ನ ಕ್ರೈಸ್ತ ದೇವರನ್ನು ಮೂದಲಿಸಿದಳು, ನನ್ನ ಸ್ಯಾಕ್ಸನ್ ಗೆಳೆಯರನ್ನು ಹೇಡಿಗಳೆಂದು ಕರೆದಳು. ನಾನು ಐವಿಂದ್ ಆಗಿ ಈರುಳ್ಳಿ ಹೆಚ್ಚುತ್ತಿದ್ದೆ.

"ಹೀಗೆ ನಿಂತರೆ ಯಾವ ತಾಯಿಗೆ ದುಃಖ ಆಗುತ್ತೆ? ನೆಟ್ಟಗೆ ನಿಲ್ಲು, ಡೇನ್ ರಕ್ತ ನಿನ್ನದು," ಎನ್ನುತ್ತಿದ್ದಳು.

"ಸೊಂಟ ನೋವು, ತಾಯೀ."

"ಸ್ಯಾಕ್ಸನ್ನರ ಜೊತೆ ಸೇರಿದರೆ ಆಗೋದೇ ಹಾಗೆ."

ಸಾವಿನ ಮಾತನ್ನು ಮಾತ್ರ ಅವಳು ನನ್ನ ಮುಂದೆ ಹೇಳಲಿಲ್ಲ. ಮಧ್ಯಾಹ್ನ ನಾನು ಮಲಗಿದ್ದೇನೆ ಎಂದುಕೊಂಡು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಹೇಳುತ್ತಿದ್ದಳು. ಕೂಸೇ. ಕೂಸೇ. ಗೋಡೆಯಾಚೆಯಿಂದ ಬಂದ ಆ ಪದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿರದ ಪದ.

ಮೇ ಇಪ್ಪತ್ತಕ್ಕೆ ಸ್ಟುಡಿಯೋಗೆ ಹೋದೆವು. ಅವಳು ತುಟಿಗೆ ಬಣ್ಣ ಹಚ್ಚಿದ್ದಳು. ಎತೆಲ್ಕಾ ಒಳಗೆ ಕೋಟು ತೆಗೆಯುತ್ತಿದ್ದಾಗ ಕೋಲೋಶ್ ನನ್ನನ್ನು ಯಂತ್ರಗಳ ಕೋಣೆಯ ಬಾಗಿಲಲ್ಲಿ ತಡೆದು ತಗ್ಗಿದ ದನಿಯಲ್ಲಿ ಹೇಳಿದ:

"ಮಾವ, ಬೋರೋಕಾ ನಿನ್ನೆ ಬಂದು ಹೇಳಿ ಹೋದಳು. ನಿಮ್ಮ ಇನ್ನೊಂದು ಹಾಳೇನ. ಕಳಿಸೋ ತಾರೀಕು ಹತ್ರ ಬಂತು. ನೀವೇ ಬರೆದಿದ್ರಲ್ಲ, ಯಾವುದಕ್ಕೂ ಇರಲಿ ಅಂತ. ಒಂದೆರಡು ತುಣುಕು ತಿದ್ದೋದಿದೆ, ಇವತ್ತೂ ಬಂದಿದ್ದಾಳೆ."

"ಹಾಗಾದ್ರೆ ಇವತ್ತಿಂದು ಯಾಕೆ?"

"ಚೆನ್ನಾಗಿ ಬಂದ್ರೆ ಅತ್ತೇದೇ ಹಾಕ್ತೀನಿ. ಆಣೆ."

ನಾನು ಅವನ ಮುಖ ನೋಡಿದೆ. ಅವನು ನನ್ನ ಶೂಗಳನ್ನು ನೋಡುತ್ತಿದ್ದ. ಒಳಗೆ ಹೋಗಿ ಎತೆಲ್ಕಾಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಗಾಜಿನ ಈಚೆಗೆ ಕೋಲೋಶ್‌ನ ಪಕ್ಕದ ಕುರ್ಚಿಯಲ್ಲಿ ಕುಳಿತೆ.

ಮೊದಲ ಎಂಟು ಕಂತುಗಳು ಹೊಳೆಯಂತೆ ಸಾಗಿದವು. ಅವಳು ಕುರ್ಚಿಯನ್ನು ಒಲ್ಲೆನೆಂದು ನಿಂತೇ ಹೇಳಿದಳು. ಧ್ವನಿ ಮೊದಲಿಗಿಂತ ಆಳವಾಗಿತ್ತು. ರೋಗ ಅದಕ್ಕೆ ಒಂದು ತಳ ಕೊಟ್ಟಿತ್ತು. ಧ್ವನಿಮುದ್ರಕ ಎರಡು ಸಲ ನನ್ನ ಕಡೆ ತಿರುಗಿ ತಲೆದೂಗಿದ. ಕೋಲೋಶ್ ತನ್ನ ಬೆರಳುಗಳನ್ನು ಕಚ್ಚುವುದನ್ನು ನಿಲ್ಲಿಸಿದ. ಒಂಬತ್ತನೆಯದು ಮುಗಿದಾಗ ಅವಳು ಗಾಜಿನಾಚೆಯಿಂದ, ನೀರಿನ ಲೋಟ ಎತ್ತಿ, "ಇನ್ನು ಸಾಯೋಣ," ಎಂದಳು. ಎಲ್ಲರೂ ನಕ್ಕರು.

ತೆರೆ ಬೆಳಗಿತು. ಕುರಿದೊಡ್ಡಿ. ಥೋರ್ಗುನ್‌ಳ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಹೆಣೆದು ಕಟ್ಟಿದ್ದರು. ಬೇಲಿಯ ಮೇಲಿನ ಒಂದು ಉಣ್ಣೆಯ ಎಳೆಯೂ ಅಲುಗುತ್ತಿರಲಿಲ್ಲ. ಮುಖ ತೆರೆಯ ತುಂಬ ಬಂತು, ತುಟಿಗಳು ಕೂಡಿದವು, ಮತ್ತು ಆ ಕೂಡಿದ ತುಟಿಗಳ ಮೇಲೆ ನನ್ನ ಹೆಂಡತಿ "ಕೂಸೇ" ಎಂದಳು.

ಅವಳು ನಿಲ್ಲಿಸಲಿಲ್ಲ. ಶುರು ಮಾಡಿದ್ದನ್ನು ನಡುವೆ ನಿಲ್ಲಿಸುವುದು ಅವಳ ಕಸುಬಿಗೆ ಹೇಳಿದ್ದಲ್ಲ. ಕೊನೆಯವರೆಗೂ ಹೇಳಿದಳು, ಒಂದು ಅಕ್ಷರ ತಪ್ಪದೆ. ತೆರೆ ಆರಿತು.

ಕೋಲೋಶ್ ಒಳಗೆ ಕೇಳಿಸುವ ಮೈಕಿನ ಗುಂಡಿ ಒತ್ತಿ ಹೇಳಿದ: "ಅದ್ಭುತ, ಅತ್ತೆ. ಒಂದೇ ಸಲಕ್ಕೆ. ಮುಗೀತು."

"ಇನ್ನೊಂದು ಸಲ ತೋರಿಸು. ಧ್ವನಿ ಇಲ್ಲದೆ."

"ಅವಶ್ಯಕತೆ ಇಲ್ಲ ಅತ್ತೆ, ಚೆನ್ನಾಗಿ—"

"ತೋರಿಸು."

ಧ್ವನಿಯಿಲ್ಲದೆ ಮುದುಕಿ ಮತ್ತೆ ಸಾಯತೊಡಗಿದಳು. ತುಟಿ ಕೂಡಿದಾಗಲೆಲ್ಲ ಎತೆಲ್ಕಾ ಹಾಳೆ ಇಟ್ಟಿದ್ದ ಹಲಗೆಯ ಮೇಲೆ ಬೆರಳಿನಿಂದ ಒಂದು ಏಟು ಹಾಕಿದಳು. ಮೈಕು ತೆರೆದೇ ಇತ್ತು. ಹದಿನೇಳು ಏಟುಗಳು ನಮ್ಮ ಕೋಣೆಯಲ್ಲಿ ಕೇಳಿಸಿದವು.

"ಗಾಳಿ ಎಲ್ಲಿ?" ಎಂದಳು, ತಿರುಗದೆ.

ಕೋಲೋಶ್ ನನ್ನ ಕಡೆ ತಿರುಗಿದ.

"ಗಾಳಿ ಎಲ್ಲಿ, ಅಜ್ಜ?"

ಕೋಲೋಶ್ ನನ್ನ ಪರವಾಗಿ ಗುಂಡಿ ಒತ್ತಿದ. "ಯಾರೂ ಗಮನಿಸಲ್ಲ ಅತ್ತೆ. ಜನ ಊಟ ಮಾಡ್ತಾ ನೋಡ್ತಾರೆ. ತುಟಿ ಯಾರು ಎಣಿಸ್ತಾರೆ?"

"ಇವನು ಎಣಿಸ್ತಾನೆ. ಇಂಥ ಅಕ್ಷರ ಇಟ್ಟ ಹುಡುಗರನ್ನ ಇವನು ಅಳಿಸಿದ್ದಾನೆ." ಆಮೇಲೆ ಗಾಜಿನ ಕಡೆ ತಿರುಗಿದಳು. ಒಳಗೆ ಬೆಳಕಿತ್ತು, ನಮ್ಮ ಕಡೆ ಕತ್ತಲೆ. ನಾನು ಅವಳಿಗೆ ಕಾಣುತ್ತಿರಲಿಲ್ಲ. ಆದರೂ ಸರಿಯಾಗಿ ನಾನಿದ್ದಲ್ಲಿಗೇ ನೋಡಿದಳು. "ಸರಿಯಾದದ್ದು ಕೊಡು."

"ಯಾವುದು?" ಎಂದೆ.

"ಸರಿಯಾದದ್ದನ್ನ ಗೀಚದೆ ನೀನು ಸುಳ್ಳನ್ನ ಗೀಚೋನಲ್ಲ. ಕೊಡು."

ಕೋಲೋಶ್ ತನ್ನ ಕಡತದಿಂದ ಹಾಳೆ ತೆಗೆದ. ಅದನ್ನು ಒಳಗೆ ಒಯ್ದವನು ನಾನು. ಅವಳು ನನ್ನ ಕೈಯಿಂದ ತೆಗೆದುಕೊಂಡಳು, ಪೆನ್ಸಿಲಿನ ಎರಡು ಪದಗಳನ್ನು ಓದಿದಳು, ಅದರ ಕೆಳಗಿದ್ದ ಬೋರೋಕಾಳ ಕೈಬರಹದ ಉಸಿರಿನ ಗುರುತುಗಳನ್ನೂ ನೋಡಿದಳು. ನಾನು ಅಲ್ಲೇ, ಬಾಗಿಲ ಬಳಿ, ನಿಂತೆ.

ತೆರೆ ಬೆಳಗಿತು. ಥೋರ್ಗುನ್‌ಳ ತುಟಿ ಕೂಡಿದಾಗ ಎತೆಲ್ಕಾಳ ತುಟಿಯೂ ಕೂಡಲು ಹೋಯಿತು. ಎಡಗಡೆ ಕೂಡಿತು. ಬಲಗಡೆಯಿಂದ ಗಾಳಿ ಸೋರಿತು, ಆರದ ಮೇಣದಬತ್ತಿಯನ್ನು ಊದಿದಂಥ ಸದ್ದಾಯಿತು. ಮಗನೇ ಎಂಬುದು ಅಗನೇ ಆಗಿ, ಎರಡನೆಯ ಸಲ ವಗನೇ ಆಗಿ ಬಂತು. ಮೂರನೆಯ ಸಲ ಅವಳು ಬೆರಳಿನಿಂದ ಬಲತುಟಿಯನ್ನು ಮೇಲಕ್ಕೆತ್ತಿ ಒತ್ತಿ ಹಿಡಿದು ಹೇಳಿದಳು. ಬಣ್ಣ ಗಲ್ಲಕ್ಕೆ ಬಳಿದುಕೊಂಡಿತು, ಜೊಲ್ಲು ಹಾಳೆಯ ಮೇಲೆ ಬಿತ್ತು, ಸದ್ದು ಮಾತ್ರ ಅದೇ.

"ಸಾಕು," ಎಂದಳು. ತೋಳಿನಿಂದ ಬಾಯಿ ಒರೆಸಿಕೊಂಡಳು. "ಆ ಹುಡುಗಿಯನ್ನ ಕರೆಯಿರಿ. ಕಾರಿಡಾರಿನಲ್ಲಿ ಅವಳ ಹಸಿರು ಛತ್ರಿ ಇದೆ. ಒಳಗೆ ಕಾಲಿಟ್ಟಾಗಲೇ ನೋಡಿದೆ."

ಬೋರೋಕಾ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ನಲವತ್ತಾರು ವರ್ಷದ ನಟಿ, ಬೈಗುಳ ತಿನ್ನಲು ಬಂದ ವಿದ್ಯಾರ್ಥಿನಿಯಂತೆ ಬಾಗಿಲಲ್ಲೇ ನಿಂತಳು.

"ಅತ್ತೆ, ನಾನು ಬೇಡ ಅಂದೆ. ಆಮೇಲೆ ಅವರು—"

"ಅತ್ತ ಗಂಟಲು ಒಂದು ಗಂಟೆ ಕೆಲಸಕ್ಕಿಲ್ಲ. ಯಾರು ಹೇಳಿಕೊಟ್ಟದ್ದು ಇದನ್ನ?"

"ನೀವು."

"ಹಾಗಾದರೆ ಅಳು ನಿಲ್ಲಿಸಿ ಇಲ್ಲಿ ನಿಲ್ಲು. ಕೋಲೋಶ್, ಇವಳು ಹೇಳಿದ್ದನ್ನ ಕೇಳಿಸು."

ಕೇಳಿಸಿದರು. ಎತೆಲ್ಕಾ ಕಣ್ಣು ಮುಚ್ಚಿ ಕೇಳಿದಳು.

"ನೀನು ಅಂಗಲಾಚ್ತಿದ್ದೀಯ," ಎಂದಳು ಬೋರೋಕಾಗೆ. "ಅವಳು ಅಂಗಲಾಚೋಳಲ್ಲ. ಹಸುವಿಗೆ ಹುಲ್ಲು ಹಾಕು ಅನ್ನೋ ಹಾಗೆ ಹೇಳು, ನನ್ನನ್ನ ಸುಡು ಅಂತ. ಅವನು ಅಳಲಿ. ನೀನಲ್ಲ."

ಅಂದು ಬೋರೋಕಾ ನಾಲ್ಕು ಸಲ ಹೇಳಿದಳು. ಎತೆಲ್ಕಾ ಅವಳ ಪಕ್ಕದಲ್ಲಿ ನಿಂತು, ಬೆನ್ನಿನ ಮೇಲೆ ಅಂಗೈ ಇಟ್ಟು, ಎಲ್ಲಿ ತಡೆಯಬೇಕೋ ಅಲ್ಲಿ ಮೆಲ್ಲಗೆ ಒತ್ತುತ್ತಿದ್ದಳು. ನಾಲ್ಕನೆಯ ಸಲ ಹದಿನೇಳು ಕಡೆಯಲ್ಲೂ ತುಟಿಯ ಮೇಲೆ ತುಟಿ ಬಂದು ಕೂತಿತು. ನನ್ನ ಸರಿಯಾದ ಹಾಳೆ, ನನ್ನ ಹೆಂಡತಿಯ ಗತ್ತು, ಇನ್ನೊಬ್ಬಳ ಬಾಯಿ. ಕಸುಬಿನ ಕಣ್ಣಿನಿಂದ ನೋಡಿದರೆ ಅದರಲ್ಲಿ ಕೂದಲೆಳೆಯಷ್ಟೂ ಲೋಪವಿರಲಿಲ್ಲ.

ಉಳಿದದ್ದು ಉಸಿರು. ಮಾತಿನ ನಡುವಿನ ಏದುಸಿರು, ನರಳಿಕೆ, ಕೊನೆಯ ಉಸಿರು, ಇವನ್ನೆಲ್ಲ ನಾವು ಕೊನೆಯಲ್ಲಿ ಬೇರೆಯಾಗಿ ತುಂಬಿಸುತ್ತೇವೆ. ಬೋರೋಕಾ ಒಮ್ಮೆ ಪ್ರಯತ್ನಿಸಿದಳು. ಚೆನ್ನಾಗಿಯೇ ಇತ್ತು. ಆದರೆ ಅದು ಮೆಟ್ಟಿಲು ಹತ್ತಿ ಬಂದವಳ ಏದುಸಿರು. ಇನ್ನೂ ಬಹಳ ವರ್ಷ ಬದುಕುವ ಎದೆಯದು.

"ಉಸಿರು ನಾನು ಕೊಡ್ತೀನಿ," ಎಂದಳು ಎತೆಲ್ಕಾ.

"ಅತ್ತೆ, ದಣಿದಿದೀರಿ," ಎಂದ ಕೋಲೋಶ್.

"ಸಾಯೋಳು ದಣಿದೇ ಇರ್ತಾಳೆ. ಹಚ್ಚು."

ಉಸಿರಿಗೆ ತುಟಿ ಕೂಡಬೇಕಾಗಿಲ್ಲ. ಅವಳು ಒಂದೇ ಸಲಕ್ಕೆ ಮುಗಿಸಿದಳು. ಮಾತುಗಳ ನಡುವಿನ ಚೂರು ಚೂರು ಉಸಿರುಗಳನ್ನು ಬೋರೋಕಾಳ ಧ್ವನಿಯ ಅಂಚಿಗೆ ಒಂದೊಂದಾಗಿ ಹೊಲಿದಳು. ಕೊನೆಯಲ್ಲಿ ಹತ್ತೊಂಬತ್ತು ಸೆಕೆಂಡು ಮಾತೇ ಇಲ್ಲ. ತೆರೆಯ ಮೇಲೆ ಮಗ ಏನನ್ನೋ ಕೇಳುತ್ತಾನೆ, ತಾಯಿ ಉತ್ತರಿಸುವುದಿಲ್ಲ. ಒಳಗೆ ಹೋದ ಉಸಿರು ಏನೋ ಮರೆತಂತೆ ನಡುವೆ ನಿಂತಿತು, ನೆನಪಾದಂತೆ ಮತ್ತೆ ತುಸು ಒಳಗೆ ಹೋಯಿತು, ಆಮೇಲೆ ಹೊರಗೆ ಬಂತು. ಬರುತ್ತಲೇ ಇತ್ತು, ಅಷ್ಟು ಗಾಳಿ ಒಬ್ಬ ಮುದುಕಿಯಲ್ಲಿ ಇರಲು ಸಾಧ್ಯವೇ ಎನಿಸುವಷ್ಟು ಹೊತ್ತು. ಕೋಲೋಶ್ ಕನ್ನಡಕ ತೆಗೆದ. ಬೋರೋಕಾ ಗೋಡೆಯ ಕಡೆ ತಿರುಗಿದಳು.

ನವೆಂಬರಿನಲ್ಲಿ ಸೀಸನ್ ಬಂತು. ಪತ್ರಿಕೆಯೊಂದು ಬೋರೋಕಾ ಧ್ವನಿ ಕೊಟ್ಟ ಸಾವಿನ ದೃಶ್ಯವನ್ನು ಹೊಗಳಿ ಬರೆಯಿತು. ಬೋರೋಕಾ ಫೋನು ಮಾಡಿ ಅತ್ತಳು, ಎತೆಲ್ಕಾ ಗದರಿದಳು. ಆ ಉಸಿರು ಈಗಲೂ ಇದೆ, ಯಾರು ಬೇಕಾದರೂ ಯಾವಾಗ ಬೇಕಾದರೂ ಕೇಳಬಹುದು. ಅದನ್ನು ಬಿಟ್ಟ ಎದೆ ಮರುವರ್ಷದ ಫೆಬ್ರವರಿಯಲ್ಲಿ ನಿಂತಿತು. ಆಗ ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ.

ಆದರೆ ನನ್ನನ್ನು ಬಿಡದಿರುವುದು ಆ ಮೇ ಇಪ್ಪತ್ತರ ಸಂಜೆಯ ಟ್ರಾಮು. ಕೋಲೋಶ್ ಕಾರಿನಲ್ಲಿ ಬಿಡುತ್ತೇನೆಂದ, ಎತೆಲ್ಕಾ ಒಲ್ಲೆನೆಂದಳು. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ಗಲ್ಲದ ಮೇಲೆ ತುಟಿಯ ಬಣ್ಣ ಇನ್ನೂ ಇತ್ತು. ಒರೆಸಲು ಕರವಸ್ತ್ರ ತೆಗೆದೆ, ಕೊಡಲು ಧೈರ್ಯವಾಗದೆ ಕೈಯಲ್ಲೇ ಹಿಡಿದುಕೊಂಡೆ. ಎದುರಿನ ಸೀಟಿನಲ್ಲಿ ಚೀಲದ ತುಂಬ ಮೂಲಂಗಿ ಇಟ್ಟುಕೊಂಡ ಹೆಂಗಸೊಬ್ಬಳು ಕುಳಿತಿದ್ದಳು. ಮೂರು ನಿಲ್ದಾಣ ದಾಟಿದವು.

ಆಮೇಲೆ ಎತೆಲ್ಕಾ ಹೇಳಿದಳು: "ನನ್ನ ವೇಲೆ ನಿನಗೆ ನಂವಿಕೆ ಇರಲಿಲ್ಲ."

ಮೂಲಂಗಿಯ ಹೆಂಗಸು ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

ಎಂಟು ತಿಂಗಳಿಂದ ನನ್ನ ಹೆಂಡತಿ ಆ ಅಕ್ಷರಗಳನ್ನು ಸುತ್ತಿ ಬಳಸಿ ನಡೆದವಳು. ಈ ಮಾತಿಗೂ ಹತ್ತು ಸುತ್ತುದಾರಿಗಳಿದ್ದವು. ನೀನು ಸುಳ್ಳು ಹೇಳಿದೆ ಎನ್ನಬಹುದಿತ್ತು. ಅದಕ್ಕೆ ತುಟಿ ಬೇಕಿಲ್ಲ. ಅವಳು ಯಾವ ದಾರಿಯನ್ನೂ ಹಿಡಿಯಲಿಲ್ಲ. ಅವಳಿಗೆ ಹೇಳಬೇಕಾಗಿದ್ದದ್ದು ಆ ಪದವೇ, ಬೇರೆಯದಲ್ಲ. ಇಷ್ಟು ದಿನ ಅವಳು ಸುತ್ತಿ ಬಳಸಿ ನಡೆದದ್ದು ರೋಗವನ್ನಲ್ಲ, ನನ್ನನ್ನು. ಒಡೆದ ಮಾತು ಕೇಳಿದರೆ ನನ್ನ ಮುಖ ಏನಾಗುತ್ತದೆಂದು ನೋಡಲಾರದೆ ನನಗೆ ನಯವಾದ ಮಾತನ್ನು ಹುಡುಕಿ ಕೊಡುತ್ತಿದ್ದಳು ಎಂದು ಆಗ ನನಗೆ ಅರ್ಥವಾಯಿತು.

"ತಿಳೀತು, ಎತೆಲ್ಕಾ," ಎಂದೆ.

"ತಿಳಿದರೆ ಸಾಲದು. ಸರಿಯಾಗಿ ಕೇಳು." ಕಿಟಕಿಯ ಗಾಜಿನಲ್ಲಿ ತನ್ನ ಬಾಯಿಯನ್ನು ನೋಡಿಕೊಂಡಳು, ಬಲತುಟಿಯ ಮೇಲೆ ಬೆರಳಿಟ್ಟಳು, ಉಸಿರು ತುಂಬಿಕೊಂಡಳು. "ನನ್ನ ವೇಲೆ. ನನ್ನ ವೇಲೆ ನಿನಗೆ ನಂವಿಕೆ ಇರಲಿಲ್ಲ."

ಮನೆಗೆ ಇನ್ನೂ ಏಳು ನಿಲ್ದಾಣವಿತ್ತು. ಹೊಸ ಪಾತ್ರದ ಸಾಲನ್ನು ಬಾಯಿಗೆ ಕೂರಿಸಿಕೊಳ್ಳುವಾಗ ಹೇಗೋ ಹಾಗೆ, ಕೋಪವಿಲ್ಲದೆ, ಆತುರವಿಲ್ಲದೆ, ಪ್ರತಿ ಸಲವೂ ಮೊದಲಿನಿಂದ, ಅವಳು ಆ ವಾಕ್ಯವನ್ನು ಹೇಳುತ್ತಾ ಹೋದಳು. ಜನ ಹತ್ತಿದರು, ಇಳಿದರು. ನಾನು ಮೂವತ್ತೆಂಟು ವರ್ಷ ಬಾಯಿಗಳನ್ನು ನೋಡಿದ ಕಣ್ಣಿನಿಂದ ಅವಳ ಬಾಯಿಯನ್ನು ನೋಡುತ್ತಾ ಕುಳಿತಿದ್ದೆ. ನಮ್ಮ ನಿಲ್ದಾಣ ಬಂದಾಗಲೂ ಅದು ಸರಿಹೋಗಿರಲಿಲ್ಲ.